ಮುದ್ರೆಯೊಳಗಿನ ಮಾತು: ವೈದ್ಯ ಲಾಂಛನಗಳೂ ನಮ್ಮ ಆದವಾನಿ ಸೀಮೆಯೂ

ಮಕ್ಕಳು ವೈದ್ಯ ಪದವಿ ಪಡೆದ ಮನೆಗಳಲ್ಲಿ ಚೌಕಟ್ಟು ಹಾಕಿಸಿದ ಪ್ರಮಾಣಪತ್ರವೊಂದು ನಡುಮನೆಯ ಗೋಡೆಯನ್ನು ಅಲಂಕರಿಸಿರುತ್ತದೆ. ಬಂದವರು ಹೆಸರನ್ನು ಓದುತ್ತಾರೆ, ಕಾಲೇಜು ಯಾವುದೆಂದು ನೋಡುತ್ತಾರೆ, ವರ್ಷವನ್ನು ಲೆಕ್ಕ ಹಾಕುತ್ತಾರೆ. ಪತ್ರದ ನೆತ್ತಿಯ ಮೇಲೆ ಅಚ್ಚಾಗಿರುವ ಮುದ್ರೆಯನ್ನು ಓದುವವರು ಮಾತ್ರ ವಿರಳ. ಅದೊಂದು ಚಿತ್ರವೆಂದು ತಿಳಿದು ಕಣ್ಣು ಮುಂದಕ್ಕೆ ಸರಿಯುತ್ತದೆ. ನಮ್ಮ ಹಿರಿಯರು ಮುದ್ರೆಯನ್ನು ಹಾಗೆ ನೋಡಿದವರಲ್ಲ. ಅವರ ಪಾಲಿಗೆ ಮುದ್ರೆಯೆಂದರೆ ಕೊಟ್ಟ ಮಾತು; ಒತ್ತಿದವನನ್ನು ಕಟ್ಟಿಹಾಕುವ ಮಾತು.

ಇಂದು ಕರ್ನಾಟಕದಲ್ಲಿ ವೈದ್ಯ ಶಿಕ್ಷಣದ ದೊಡ್ಡ ಪಾಲನ್ನು ಧರ್ಮಸಂಸ್ಥೆಗಳು ಹೊತ್ತಿವೆ. ಸುತ್ತೂರು ಮಠದ ಆಶ್ರಯದ ಜೆ.ಎಸ್.ಎಸ್. ಸಂಸ್ಥೆ ಮೈಸೂರಿನಲ್ಲಿದೆ, ಆದಿಚುಂಚನಗಿರಿಯಲ್ಲಿ ವಿಶ್ವವಿದ್ಯಾಲಯವಿದೆ, ಧರ್ಮಸ್ಥಳದ ಮಂಜುನಾಥೇಶ್ವರನ ಹೆಸರಿನದು ಧಾರವಾಡದಲ್ಲಿದೆ, ಕಲಬುರಗಿಯಲ್ಲಿ ಖಾಜಾ ಬಂದಾನವಾಜರ ಹೆಸರಿನದಿದೆ, ಬೆಂಗಳೂರಿನ ಸೇಂಟ್ ಜಾನ್ಸ್, ಮಂಗಳೂರಿನ ಫಾದರ್ ಮುಲ್ಲರ್ ಕ್ರೈಸ್ತ ಬಾಂಧವರ ಕಾಣಿಕೆಗಳು. ಒಂದು ಧರ್ಮಪೀಠವು ವೈದ್ಯವನ್ನು ಕಲಿಸಲು ಹೊರಟಾಗ ತನ್ನ ಮುದ್ರೆಯಲ್ಲಿ ಏನನ್ನು ಹೇಳಬೇಕು? ತನ್ನ ದೈವವನ್ನೇ, ತನ್ನ ವಿದ್ಯೆಯನ್ನೇ, ಬಾಗಿಲಿಗೆ ಬಂದ ರೋಗಿಗೆ ತಾನು ಕೊಡುವ ಭಾಷೆಯನ್ನೇ? ಈ ಪ್ರಶ್ನೆ ಹೊಸದೆಂದು ತೋರಬಹುದು. ಆದರೆ ಇದಕ್ಕೆ ಬಹು ಹಿಂದೆಯೇ ಬರೆದಿಟ್ಟ ಉತ್ತರಗಳಿವೆ. ಅವುಗಳಲ್ಲಿ ಅತ್ಯಂತ ಹಳೆಯದು ನಮ್ಮ ಕರ್ನೂಲು ಜಿಲ್ಲೆಯ ಪಡುವಣ ಭಾಗದ ಬಂಡೆಯೊಂದರ ಮೇಲಿದೆ. ಆ ಬಂಡೆಯನ್ನು ತಲುಪುವ ಮುನ್ನ ಮುದ್ರೆಯ ಬಗೆಗೆ, ಅದರಲ್ಲಿ ಕಾಣುವ ಹಾವು, ಕಲಶ, ಸಿಂಹಗಳ ಬಗೆಗೆ ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ಬಾದಾಮಿ ಚಾಲುಕ್ಯರ ತಾಮ್ರಪಟಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ಕಂಡವರಿಗೆ ನೆನಪಿರಬಹುದು. ಬರೆದ ಹಲಗೆಗಳಿಗೆ ತೂತು ಕೊರೆದು, ಅವುಗಳ ಮೂಲಕ ಲೋಹದ ಬಳೆಯೊಂದನ್ನು ಹಾಯಿಸಿ, ಬಳೆಯ ಎರಡು ತುದಿಗಳನ್ನೂ ಮುದ್ರೆಯಲ್ಲಿ ಬೆಸೆಯುತ್ತಿದ್ದರು. ಆ ಮುದ್ರೆಯ ಮೇಲೆ ವರಾಹ. ಒಂದು ಹಲಗೆಯನ್ನು ತೆಗೆದು ಬೇರೊಂದನ್ನು ಸೇರಿಸಬೇಕಾದರೆ ಬಳೆಯನ್ನೇ ಕತ್ತರಿಸಬೇಕು; ಮೋಸ ಒಡನೆಯೇ ಬಯಲಾಗುತ್ತದೆ. ಹೀಗೆ ವರಾಹವು ಭೂದೇವಿಯನ್ನು ಎತ್ತಿದ ದೇವರೂ ಹೌದು, ದಾನ ಪಡೆದವನ ಹೊಲಕ್ಕೆ ಕಾವಲುಗಾರನೂ ಹೌದು. ವಿಜಯನಗರದ ಅರಸರು ಅದೇ ವರಾಹವನ್ನು ಮುಂದುವರಿಸಿ, ಅದರ ಜೊತೆಗೆ ಖಡ್ಗವನ್ನೂ ಸೂರ್ಯಚಂದ್ರರನ್ನೂ ಇಟ್ಟರು. ಸೂರ್ಯಚಂದ್ರರು ಇರುವವರೆಗೆ ಈ ಕೊಡುಗೆ ನಡೆಯಲಿ ಎಂಬ ಮಾತನ್ನು ಅಕ್ಷರ ಬಾರದ ರೈತನೂ ಆ ಚಿತ್ರದಿಂದ ತಿಳಿಯಬಲ್ಲವನಾಗಿದ್ದನು. ನಾವು ಹೆಮ್ಮೆಯಿಂದ ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. ಈ ಅರಸರ ತಾಮ್ರಶಾಸನಗಳ ಭಾಷೆ ಹೆಚ್ಚಾಗಿ ಸಂಸ್ಕೃತ, ಲಿಪಿ ನಂದಿನಾಗರಿ. ಆದರೆ ಕೊನೆಯಲ್ಲಿ ಬರುವ ಶ್ರೀ ವಿರೂಪಾಕ್ಷ ಎಂಬ ಅರಸರ ಒಪ್ಪ ಮಾತ್ರ ಕನ್ನಡ ಅಕ್ಷರಗಳಲ್ಲಿ. ರಾಜ್ಯವು ಯಾವ ದಿಕ್ಕಿಗೆ ಹಬ್ಬಿದರೂ ಒಪ್ಪ ಹಾಕುವ ಕೈ ಕನ್ನಡವನ್ನು ಬಿಡಲಿಲ್ಲ. ಅವರ ಹೊನ್ನಿನ ನಾಣ್ಯಕ್ಕೂ ಆ ಲಾಂಛನದ ಹೆಸರೇ ನಿಂತಿತು. ನಮ್ಮ ಅಜ್ಜಂದಿರು ವರಾಹಗಳಲ್ಲಿ ಲೆಕ್ಕ ಹೇಳುತ್ತಿದ್ದುದನ್ನು ಕೇಳಿದವರು ಈಗಲೂ ಕೆಲವರಿದ್ದಾರೆ. (ಮುದ್ರೆಯುಂಗುರ ಒಂದು ರಾಜ್ಯದ ಗತಿಯನ್ನೇ ತಿರುಗಿಸಿದ ಕಥೆ ಬೇಕಾದವರು ಕೆಂಪುನಾರಾಯಣನು ೧೮೨೩ರಲ್ಲಿ ಬರೆದ ‘ಮುದ್ರಾಮಂಜೂಷ’ವನ್ನು ನೋಡಬಹುದು.)

ಇನ್ನು ಹಾವಿನ ವಿಷಯ. ವೈದ್ಯ ಸಂಸ್ಥೆಗಳ ಮುದ್ರೆಗಳಲ್ಲಿ ಅತ್ಯಂತ ಸಾಮಾನ್ಯವಾದ ಚಿಹ್ನೆಯೆಂದರೆ ದಂಡವನ್ನು ಸುತ್ತಿದ ಸರ್ಪ. ಇದು ಗ್ರೀಕರ ವೈದ್ಯದೇವತೆಯಾದ ಅಸ್ಕ್ಲೀಪಿಯಸನ ದಂಡ. ಅವನ ಗುಡಿಗಳಲ್ಲಿ ರೋಗಿಗಳು ರಾತ್ರಿ ಮಲಗಿ, ಕನಸಿನಲ್ಲಿ ದೇವರ ಅಪ್ಪಣೆಗಾಗಿ ಕಾಯುತ್ತಿದ್ದರು; ವಿಷವಿಲ್ಲದ ಹಾವುಗಳನ್ನು ಆ ಗುಡಿಗಳಲ್ಲಿ ಸಾಕುತ್ತಿದ್ದರು. ಪೊರೆಯನ್ನು ಕಳಚಿ ಹೊಸತಾಗಿ ಹೊರಬರುವ ಪ್ರಾಣಿಯಾದ್ದರಿಂದ ಸರ್ಪವು ರೋಗದಿಂದ ಎದ್ದವನ ಸಂಕೇತವಾಯಿತೆಂದು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ೧೯೪೮ರಲ್ಲಿ ಸ್ಥಾಪಿತವಾದಾಗ ತನ್ನ ಲಾಂಛನಕ್ಕೆ ಈ ಒಂಟಿ ಸರ್ಪದ ದಂಡವನ್ನೇ ಆರಿಸಿಕೊಂಡಿತು. ಇದಕ್ಕೆ ಸೋದರನಂತೆ ಕಾಣುವ ಇನ್ನೊಂದು ಚಿಹ್ನೆಯಿದೆ: ಎರಡು ಹಾವುಗಳು ಹೆಣೆದುಕೊಂಡ, ಮೇಲೆ ರೆಕ್ಕೆಗಳುಳ್ಳ ಕೋಲು. ಅದು ವೈದ್ಯದ್ದಲ್ಲ, ದೇವದೂತನೂ ವರ್ತಕರ ದೇವತೆಯೂ ಆದ ಹರ್ಮಿಸನದು. ೧೯೦೨ರಲ್ಲಿ ಅಮೆರಿಕದ ಸೇನೆಯ ವೈದ್ಯಪಡೆಯು ಅದನ್ನು ತನ್ನ ಗುರುತಾಗಿ ಸ್ವೀಕರಿಸಿತು. ಅಲ್ಲಿಂದ ಅದು ಔಷಧಿ ಅಂಗಡಿಗಳ ಫಲಕಗಳವರೆಗೂ, ವೈದ್ಯರ ಕಾರಿನ ಗಾಜಿನವರೆಗೂ ಹಬ್ಬಿತು. ವ್ಯಾಪಾರದ ದೇವತೆಯ ಕೋಲು ವೈದ್ಯದ ಗುರುತಾದುದನ್ನು ಕಂಡು ನಗುವವರು ನಗಲಿ. ಆಸ್ಪತ್ರೆಯ ಬಿಲ್ಲು ಕೈಗೆ ಬಂದಾಗ ಅದು ತಪ್ಪೆಂದು ಹೇಳುವ ಧೈರ್ಯ ನಮಗಂತೂ ಬರುವುದಿಲ್ಲ.

ಈ ಎರಡೆಳೆಯ ಹಾವು ನಮ್ಮ ಕಡೆಯ ಜನರ ಕಣ್ಣಿಗೆ ಪರಕೀಯವೆಂದು ತೋರದಿರಲು ಕಾರಣವೂ ಇದೆ. ಊರ ಹೊರಗಿನ ಅರಳಿಕಟ್ಟೆಯಲ್ಲಿ, ಬಾವಿಯ ದಂಡೆಯಲ್ಲಿ ನಿಲ್ಲಿಸಿರುವ ನಾಗರಕಲ್ಲುಗಳ ಮೇಲೆ ಹೆಣೆದುಕೊಂಡ ಎರಡು ಹಾವುಗಳನ್ನು ಎಳವೆಯಿಂದಲೇ ನೋಡುತ್ತಾ ಬೆಳೆದವರು ನಾವು. ಸಂತಾನಕ್ಕಾಗಿ, ಚರ್ಮರೋಗದ ಶಮನಕ್ಕಾಗಿ, ಕಣ್ಣುಬೇನೆಗಾಗಿ ಆ ಕಲ್ಲುಗಳಿಗೆ ಹಾಲೆರೆದ ತಾಯಂದಿರು ಎಲ್ಲ ಜಾತಿಗಳಲ್ಲಿಯೂ ಇದ್ದಾರೆ. ಅಷ್ಟೇ ಅಲ್ಲದೆ ಆದವಾನಿ, ಆಲೂರು, ಬಳ್ಳಾರಿಗಳ ಈ ಕರಿನೆಲಕ್ಕೆ ಶಾಸನಗಳಲ್ಲಿ ಸಿಂದವಾಡಿ ಸಾಸಿರ ಎಂಬ ಹೆಸರಿದೆ. ಆ ಹೆಸರಿನಲ್ಲಿ ಕೇಳಿಬರುವ ಸಿಂದರ ವಂಶದವರು ತಮ್ಮನ್ನು ನಾಗಕುಲದವರೆಂದು ಹೇಳಿಕೊಂಡರು. ಅಹಿಚ್ಛತ್ರದಲ್ಲಿ ನಾಗರಾಜನಾದ ಧರಣೇಂದ್ರನಿಗೆ ಹುಟ್ಟಿದ ಮಗು ಹುಲಿಯ ಹಾಲು ಕುಡಿದು ಬೆಳೆದು ವಂಶಕರ್ತನಾದನೆಂಬ ಕಥೆ ಬಾಗಲಕೋಟೆ ಕಡೆಯ ಭೈರನಮಟ್ಟಿಯ ಶಾಸನದಲ್ಲಿ ಬರುತ್ತದೆ. ಆದ್ದರಿಂದಲೇ ಆ ಶಾಖೆಯವರ ಲಾಂಛನ ಹುಲಿ, ಪತಾಕೆ ಹೆಡೆಯೆತ್ತಿದ ಹಾವು. ಪೆದ್ದ ತುಂಬಳದ ಚಾಲುಕ್ಯ ಕಾಲದ ಗುಡಿಗಳ ನಡುವೆ ನಿಂತಾಗ, ಈ ನಾಡಿನ ಹೆಸರಿನೊಳಗೇ ಒಂದು ಸರ್ಪಧ್ವಜ ಮಡಚಿಕೊಂಡು ಕುಳಿತಿದೆಯೆಂಬ ಭಾವನೆ ನಮ್ಮಲ್ಲಿ ಮೂಡದಿರಲಾರದು. ಗ್ರೀಕರ ಹಾವಿಗೂ ಸಿಂದರ ಹಾವಿಗೂ ನಂಟು ಕಲ್ಪಿಸುವ ಆತುರ ಬೇಡ. ಎರಡೂ ಕಡೆಯ ಜನರು ತಾವು ಹೆದರಿದ್ದನ್ನೇ ಪೂಜಿಸಿದರು ಎಂಬಷ್ಟು ಹೇಳಿದರೆ ಸಾಕು.

ಹಾವಿನಿಂದ ಕಲಶಕ್ಕೆ ಬರೋಣ. ೨೦೨೩ರ ನವೆಂಬರ್ ತಿಂಗಳ ಕೊನೆಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಲಾಂಛನದ ಬಗೆಗೆ ದೇಶದಲ್ಲಿ ಒಂದು ಚರ್ಚೆ ಎದ್ದಿತು. ಲಾಂಛನದ ನಡುವೆ ಧನ್ವಂತರಿಯ ಚಿತ್ರ ಬಣ್ಣದಲ್ಲಿ ಕಾಣಿಸಿಕೊಂಡಿತ್ತು. ವೈದ್ಯರ ದೊಡ್ಡ ಸಂಘಟನೆಯಾದ ಭಾರತೀಯ ವೈದ್ಯಕೀಯ ಸಂಘವು ಇದನ್ನು ಆಕ್ಷೇಪಿಸಿತು. ರಾಷ್ಟ್ರದ ಸಂಸ್ಥೆಯೊಂದರ ಗುರುತು ಎಲ್ಲ ಪ್ರಜೆಗಳನ್ನೂ ಒಳಗೊಂಡಿರಬೇಕು ಎಂಬುದು ಅದರ ನಿಲುವು. ಧನ್ವಂತರಿಯ ರೇಖಾಚಿತ್ರವು ಮೊದಲಿನಿಂದಲೂ ಇದ್ದು, ಈಗ ಅದಕ್ಕೆ ಬಣ್ಣ ಬಂದಿದೆಯಷ್ಟೇ ಎಂಬುದು ಆಯೋಗದ ಕಡೆಯ ಉತ್ತರ. ವಾದ ಮಾಡಿದವರಲ್ಲಿ ಆ ಚಿತ್ರವನ್ನು ಓದಿದವರು ಎಷ್ಟು ಮಂದಿಯೋ ತಿಳಿಯದು. ಪರಂಪರೆಯ ಧನ್ವಂತರಿಗೆ ನಾಲ್ಕು ಕೈಗಳು: ಶಂಖ, ಚಕ್ರ, ಅಮೃತಕಲಶ, ಜಿಗಣೆ. ಮೊದಲ ಎರಡು ವಿಷ್ಣುವಿನವು. ಕಲಶ ಸಮುದ್ರಮಥನದ್ದು. ಜಿಗಣೆಯಾದರೋ ಶುದ್ಧ ವೈದ್ಯನದು. ಕೆಟ್ಟ ರಕ್ತವನ್ನು ಹೀರಿಸುವ ಈ ಚಿಕಿತ್ಸೆಗೆ ಸುಶ್ರುತ ಸಂಹಿತೆಯು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಎಲ್ಲ ರೋಗಗಳನ್ನೂ ಒಮ್ಮೆಗೇ ಕಳೆಯಬಲ್ಲ ಅಮೃತವನ್ನು ಒಂದು ಕೈಯಲ್ಲಿ ಹಿಡಿದ ದೇವರು, ಇನ್ನೊಂದು ಕೈಯಲ್ಲಿ ಕೆಸರಿನ ಹುಳುವೊಂದನ್ನು ಹಿಡಿದಿದ್ದಾನೆ. ಹರಕೆಯೂ ಬೇಕು, ಹುಳುವೂ ಬೇಕು ಎಂದ ಆ ಅನಾಮಧೇಯ ಶಿಲ್ಪಿಯ ವಿವೇಕವನ್ನು ಮೆಚ್ಚಲೇಬೇಕು.

ನಮ್ಮ ಸೀಮೆಯಲ್ಲಿ ಧನ್ವಂತರಿ ಮುದ್ರೆಯ ದೇವರಾಗುವುದಕ್ಕಿಂತ ಮೊದಲು ಹಾಡಿನ ದೇವರಾಗಿದ್ದಾನೆ. ಆಲೂರಿನ ಕಡೆಯ ಚಿಪ್ಪಗಿರಿಯು ವಿಜಯದಾಸರು ೧೭೫೫ರಲ್ಲಿ ದೇಹವಿಟ್ಟ ಊರು. ಅವರ ಶಿಷ್ಯರು ಗೋಪಾಲದಾಸರು. ಮಾನವಿಯ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ವಿದ್ವಾಂಸರು ಕನ್ನಡದಲ್ಲಿ ಹಾಡುವ ದಾಸರನ್ನು ಹಗುರವಾಗಿ ಕಂಡು, ವಿಜಯದಾಸರ ಊಟದ ಕರೆಗೆ ಹೊಟ್ಟೆನೋವಿನ ನೆಪವೊಡ್ಡಿದರೆಂದೂ, ನೆಪದ ನೋವು ನಿಜವೇ ಆಗಿ ಹಿಂಡತೊಡಗಿತೆಂದೂ ದಾಸಪರಂಪರೆಯ ಕಥೆ. ಅವರು ಮಂತ್ರಾಲಯದಲ್ಲಿ ಸೇವೆಗೆ ಕುಳಿತು, ಅಲ್ಲಿಂದ ವಿಜಯದಾಸರ ಬಳಿಗೂ, ಅವರ ಅಪ್ಪಣೆಯಂತೆ ಗೋಪಾಲದಾಸರ ಬಳಿಗೂ ಹೋದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ರೋಗಿಗೆ ಧಾರೆಯೆರೆದರಂತೆ. ಗುಣವಾದ ಶ್ರೀನಿವಾಸಾಚಾರ್ಯರೇ ಮುಂದೆ ಜಗನ್ನಾಥದಾಸರು, ‘ಹರಿಕಥಾಮೃತಸಾರ’ದ ಕರ್ತೃ. ಈ ಕಥೆಯ ಇತಿಹಾಸ ಭಾಗವೆಷ್ಟು, ಭಕ್ತಿ ಭಾಗವೆಷ್ಟು ಎಂದು ಅಳೆಯುವುದು ಇಲ್ಲಿಯ ಉದ್ದೇಶವಲ್ಲ. ಗೋಪಾಲದಾಸರು ಧನ್ವಂತರಿಗೆ ಮಾಡಿಕೊಂಡ ಬಿನ್ನಹದ ಹಾಡು ಮಾತ್ರ ಇಂದಿಗೂ ರೋಗಿಗಳ ಹಾಸಿಗೆಯ ಬಳಿ ಕೇಳಿಬರುತ್ತದೆ.

ಈ ಕಥೆಗೂ ಮುದ್ರೆಗೂ ಏನು ಸಂಬಂಧವೆಂದರೆ, ದಾಸರು ಹಾಡಿನ ಕೊನೆಯಲ್ಲಿ ಇಡುವ ಅಂಕಿತಕ್ಕೆ ಮುದ್ರಿಕೆ ಎಂಬ ಹೆಸರೂ ಉಂಟು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬವು ಹಾಡಿಗೆ ಒತ್ತಿದ ಮುದ್ರೆಗಳು. ಬರೆದವನ ಹೆಸರನ್ನು ಬಿಟ್ಟು ದೇವರ ಹೆಸರನ್ನು ಒತ್ತುವ ಈ ಕ್ರಮ ಅರಸರ ಕ್ರಮಕ್ಕೆ ಹೋಲುತ್ತದೆ; ಹಂಪಿಯ ದೊರೆಗಳೂ ತಮ್ಮ ಹೆಸರಿನ ಬದಲು ವಿರೂಪಾಕ್ಷನ ಹೆಸರನ್ನೇ ಬರೆದರಲ್ಲವೇ! ಗುರುವಿನ ಅಪ್ಪಣೆಯಿಲ್ಲದೆ ಅಂಕಿತವನ್ನು ಇಟ್ಟುಕೊಳ್ಳುವಂತಿಲ್ಲ. ವಿಶ್ವವಿದ್ಯಾಲಯದ ಒಪ್ಪಿಗೆಯಿಲ್ಲದೆ ಅದರ ಮುದ್ರೆಯನ್ನು ಬಳಸುವಂತಿಲ್ಲ. ಮಾಧ್ವ ಸಂಪ್ರದಾಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಆಷಾಢ ಶುದ್ಧ ಏಕಾದಶಿಯಂದು ಕಾಯಿಸಿದ ಶಂಖಚಕ್ರಗಳ ಮುದ್ರೆಗಳನ್ನು ಮೈಮೇಲೆ ಒತ್ತಿಸಿಕೊಳ್ಳಲು ಮಠಗಳಲ್ಲಿ ಜನ ಸಾಲುಗಟ್ಟಿ ನಿಲ್ಲುತ್ತಾರೆ. ತಾಮ್ರವಲ್ಲ, ಕಾಗದವಲ್ಲ, ಮೈಯೇ ಪತ್ರ. ಆ ಮಂತ್ರಾಲಯದ ನೆಲವನ್ನು, ಅಂದರೆ ಮಂಚಾಲೆಯನ್ನು, ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟವನು ಆದವಾನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನನೆಂಬುದನ್ನೂ ಮಠದ ಪರಂಪರೆ ಕೃತಜ್ಞತೆಯಿಂದ ನೆನೆಯುತ್ತದೆ. ಬಿಜಾಪುರದ ಸುಲ್ತಾನರ ಅಧಿಕಾರಿಯೊಬ್ಬನ ಕೊಡುಗೆಯ ಮೇಲೆ ೧೬೭೧ರ ಬೃಂದಾವನ ನಿಂತಿದೆ. ಲಾಂಛನಗಳ ಬಗೆಗೆ ಜಗಳವಾಡುವವರು ಒಮ್ಮೆ ಆದವಾನಿಯ ಕೋಟೆಯನ್ನೂ ಮಂತ್ರಾಲಯವನ್ನೂ ಒಂದೇ ದಿನ ನೋಡಿ ಬರುವುದು ಒಳ್ಳೆಯದು.

ಭಕ್ತಿಯೂ ಚಿಕಿತ್ಸೆಯೂ ನಮ್ಮಲ್ಲಿ ಎಷ್ಟು ಹತ್ತಿರದಲ್ಲಿ ನಿಂತಿವೆ ಎಂಬುದಕ್ಕೆ ಹೊಳಗುಂದದ ದೇವರಗಟ್ಟು ಸಾಕ್ಷಿ. ದಸರೆಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವದಲ್ಲಿ ಬಡಿಗೆಗಳ ಕಾಳಗ ನಡೆದು ತಲೆಗಳು ಒಡೆಯುತ್ತವೆ. ಗಾಯಕ್ಕೆ ಭಂಡಾರ ಹಚ್ಚಿಕೊಂಡು ಮತ್ತೆ ಕಣಕ್ಕಿಳಿಯುವವರಿದ್ದಾರೆ. ಪಕ್ಕದಲ್ಲಿಯೇ ಸರಕಾರದ ವೈದ್ಯರು ಹೊಲಿಗೆ ಹಾಕಲು ಶಿಬಿರ ತೆರೆದು ಕುಳಿತಿರುತ್ತಾರೆ. ಅರಿಶಿನವನ್ನು ನಂಬುವವನಿಗೂ ಹೊಲಿಗೆ ಹಾಕುವುದೇ ಅವರ ಧರ್ಮ.

ಧರ್ಮಪೀಠವೇ ವೈದ್ಯಶಾಲೆಯಾಗಿದ್ದ ಹಳೆಯ ಉದಾಹರಣೆ ಬೇಕಾದರೆ ಇಲ್ಲಿಂದ ಪಡುವಣಕ್ಕೆ, ಶಿಕಾರಿಪುರ ತಾಲೂಕಿನ ಬಳ್ಳಿಗಾವೆಗೆ ಹೋಗಬೇಕು. ದೂರವಾಯಿತೆಂದು ಎಣಿಸಬಾರದು. ಅಲ್ಲಿಯ ಕೋಡಿಯ ಮಠದ ಕಾಳಾಮುಖ ಗುರುಗಳ ಪರಂಪರೆಗೆ ಪರ್ವತಾವಳಿ ಎಂಬ ಹೆಸರಿತ್ತು. ಆ ಪರ್ವತವೆಂದರೆ ಶ್ರೀಶೈಲ. ಮೊನ್ನೆ ಮೊನ್ನೆ, ಅಂದರೆ ೨೦೨೨ರವರೆಗೆ ನಮ್ಮ ಕರ್ನೂಲು ಜಿಲ್ಲೆಯಲ್ಲಿಯೇ ಇದ್ದುದು. ಕಳಚುರಿ ಬಿಜ್ಜಳನ ಕಾಲದ ೧೧೬೨ರ ಶಾಸನವು ಕೇದಾರೇಶ್ವರನ ಸನ್ನಿಧಿಯ ಈ ಮಠ ಯಾವುದಕ್ಕೆಲ್ಲ ಸ್ಥಾನವಾಗಿತ್ತೆಂದು ದೊಡ್ಡದೊಂದು ಪಟ್ಟಿಯನ್ನೇ ಕೊಡುತ್ತದೆ. ಅಂಗಗಳ ಸಹಿತ ನಾಲ್ಕು ವೇದಗಳು, ಪಾಣಿನಿ ಶಾಕಟಾಯನಾದಿಗಳ ವ್ಯಾಕರಣಗಳು, ಆರು ದರ್ಶನಗಳು, ಲಾಕುಲ ಸಿದ್ಧಾಂತ, ಪತಂಜಲಿಯ ಯೋಗ, ಹದಿನೆಂಟು ಪುರಾಣಗಳು, ಕಾವ್ಯ ನಾಟಕಗಳು ಅಲ್ಲಿಯ ಪಾಠಗಳು. ಇಷ್ಟಾದರೆ ಅದು ವಿದ್ಯಾಪೀಠ ಮಾತ್ರ. ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು ಇವರಿಗೆಲ್ಲ ಅಲ್ಲಿ ಅನ್ನವಿತ್ತು. ಏಕದಂಡಿ ತ್ರಿದಂಡಿ ಸಂನ್ಯಾಸಿಗಳೊಡನೆ ಜೈನ ಕ್ಷಪಣಕರಿಗೂ ಅನ್ನವಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರವಿತ್ತು. ಎಲ್ಲ ಜೀವಿಗಳಿಗೂ ಅಭಯವಿತ್ತು. ತಮ್ಮ ಸಿದ್ಧಾಂತವನ್ನು ಬಿಟ್ಟುಕೊಡದ, ವಾದದಲ್ಲಿ ಜೈನರನ್ನೂ ಬೌದ್ಧರನ್ನೂ ಎದುರಿಸಿ ನಿಂತ ಕಾಳಾಮುಖರು, ಊಟದ ಪಂಕ್ತಿಯಲ್ಲಿಯೂ ರೋಗಿಯ ಹಾಸಿಗೆಯಲ್ಲಿಯೂ ಆ ವಾದವನ್ನು ತರಲಿಲ್ಲ. ಶಾಸನದ ಈ ಪಟ್ಟಿಯನ್ನೇ ನಾವು ಆ ಮಠದ ನಿಜವಾದ ಮುದ್ರೆಯೆಂದು ತಿಳಿಯುತ್ತೇವೆ. ಇದರ ನೂರು ವರ್ಷಗಳ ಬಳಿಕ, ೧೨೬೧ರಲ್ಲಿ, ಕಾಕತೀಯ ರುದ್ರಮದೇವಿಯ ಕಾಲದ ಮಲ್ಕಾಪುರಂ ಶಾಸನದಲ್ಲಿ ವಿಶ್ವೇಶ್ವರ ಶಿವಾಚಾರ್ಯರ ಶೈವಮಠಕ್ಕೆ ಸೇರಿದಂತೆ ಪ್ರಸೂತಿಶಾಲೆಯ, ಆರೋಗ್ಯಶಾಲೆಯ ಮಾತು ಬರುತ್ತದೆ. ಒಂದು ಕೃಷ್ಣೆಯ ತೀರದ ತೆಲುಗು ನಾಡು, ಒಂದು ಮಲೆನಾಡಿನ ಅಂಚಿನ ಕನ್ನಡ ನಾಡು. ಎರಡರ ನಡುವೆ ನಮ್ಮ ಆದವಾನಿ.

ಬೇರೆ ಸಂಸ್ಥೆಗಳು ತಮ್ಮ ಮುದ್ರೆಗೆ ಆರಿಸಿಕೊಂಡ ವಾಕ್ಯಗಳನ್ನು ನೋಡಿದರೂ ಧರ್ಮದ ಮಾತನ್ನು ಎಲ್ಲರ ಮಾತಾಗಿ ತಿರುಗಿಸುವ ಪ್ರಯತ್ನ ಕಾಣುತ್ತದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ಕಾಳಿದಾಸನ ‘ಕುಮಾರಸಂಭವ’ದಿಂದ, ಧರ್ಮಸಾಧನೆಗೆ ಮೊದಲು ಬೇಕಾದುದು ದೇಹ ಎಂಬ ಅರ್ಥದ ಮಾತನ್ನು ತೆಗೆದುಕೊಂಡಿದೆ. ಆ ಮಾತನ್ನು ಕಾವ್ಯದಲ್ಲಿ ಆಡುವವನು ವೇಷ ಮರೆಸಿಕೊಂಡು ಬಂದ ಶಿವ. ಕೇಳುವವಳು ತಪಸ್ಸಿನಲ್ಲಿ ದೇಹವನ್ನು ಸೊರಗಿಸಿದ ಪಾರ್ವತಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಗೀತೆಯ ಎರಡನೆಯ ಅಧ್ಯಾಯದಿಂದ, ಸಮಚಿತ್ತವೇ ಯೋಗ ಎಂಬ ಅರ್ಥದ ಮಾತನ್ನು ಆರಿಸಿತು. ಮನೋರೋಗಿಗಳ ಆರೈಕೆಗೆ ಇದಕ್ಕಿಂತ ತಕ್ಕ ಮಾತನ್ನು ಹುಡುಕುವುದು ಕಷ್ಟ. ಮೈಸೂರು ವಿಶ್ವವಿದ್ಯಾಲಯ ೧೯೧೬ರಲ್ಲಿ ಹುಟ್ಟಿದಾಗ ಅರಮನೆಯ ಗಂಡಭೇರುಂಡವನ್ನೂ ಆನೆಯ ಮುಖದ ಶರಭಗಳನ್ನೂ ಉಳಿಸಿಕೊಂಡು, ಗೀತೆಯಿಂದ ಜ್ಞಾನದ ಹಿರಿಮೆಯ ಮಾತನ್ನು ಸೇರಿಸಿತು.

ನಮ್ಮ ಮಕ್ಕಳ ಪತ್ರಗಳ ಮೇಲಿನ ಮುದ್ರೆಗಳಿಗೆ ಒಂದು ಪ್ರತ್ಯೇಕವಾದ ಇತಿಹಾಸವಿದೆ. ಅದು ಗಡಿಯ ಇತಿಹಾಸ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು, ಉಳಿದವು ಮೈಸೂರಿಗೆ. ಕರ್ನೂಲಿನಲ್ಲಿ ೧೯೫೬ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು, ಬಳ್ಳಾರಿಯಲ್ಲಿ ೧೯೬೧ರಲ್ಲಿ. ಅಂದಿನಿಂದ ಕೋಸಿಗಿ, ಕೌತಾಳ, ಹಾಲಹರ್ವಿ, ಹೊಳಗುಂದಗಳ ರೋಗಿಗಳು ಎರಡೂ ದಿಕ್ಕಿಗೆ ಬಸ್ಸು ಹತ್ತುತ್ತಿದ್ದಾರೆ. ಹೊಟ್ಟೆನೋವನ್ನು ಕನ್ನಡದಲ್ಲಿ ಹೇಳಿಕೊಳ್ಳಬೇಕೆನ್ನುವ ಮುದುಕಿಯರಿಗೆ ಬಳ್ಳಾರಿಯೇ ಹತ್ತಿರ. ಸರಕಾರದ ಕಾಗದಪತ್ರ ಬೇಕಾದವರಿಗೆ ಕರ್ನೂಲೇ ಗತಿ. ವಿದ್ಯಾರ್ಥಿಗಳ ಪಾಡೂ ಹಾಗೆಯೇ. ಗಡಿಯ ಆಚೆ ಓದಿದವರಿಗೆ ೧೯೯೬ರಿಂದ ಬೆಂಗಳೂರಿನ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಮುದ್ರೆ. ಈಚೆ ಓದಿದವರಿಗೆ ವಿಜಯವಾಡದ್ದು. ಆ ವಿಜಯವಾಡದ ಆ‌ರೋಗ್ಯ ವಿಶ್ವವಿದ್ಯಾಲಯ ೧೯೮೬ರಲ್ಲಿ ಹುಟ್ಟಿ, ೧೯೯೮ರಲ್ಲಿ ಎನ್.ಟಿ.ಆರ್. ಹೆಸರನ್ನೂ, ೨೦೨೨ರಲ್ಲಿ ವೈ.ಎಸ್.ಆರ್. ಹೆಸರನ್ನೂ, ೨೦೨೪ರಲ್ಲಿ ಮತ್ತೆ ಎನ್.ಟಿ.ಆರ್. ಹೆಸರನ್ನೂ ಪಡೆಯಿತು. ಒಂದೇ ಕಾಲೇಜಿನಲ್ಲಿ ಓದಿದ ಅಣ್ಣತಮ್ಮಂದಿರ ಪತ್ರಗಳಲ್ಲಿ ವಿಶ್ವವಿದ್ಯಾಲಯದ ಹೆಸರು ಬೇರೆ ಬೇರೆ! ಸೂರ್ಯಚಂದ್ರರನ್ನು ಸಾಕ್ಷಿಗಿಟ್ಟ ಹಂಪಿಯ ಮುದ್ರೆಗಾರರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ.

ಆದರೆ ಸರಕಾರದ ಕಾಗದಗಳಲ್ಲಿ ಬದಲಾಗದ ಮುದ್ರೆಯೊಂದಿದೆ. ೧೯೫೦ರ ಜನವರಿ ೨೬ರಂದು ಗಣರಾಜ್ಯವು ಸ್ವೀಕರಿಸಿದ ಸಾರನಾಥದ ಸಿಂಹಸ್ತಂಭ ಅದು. ಕೆಳಗೆ ಧರ್ಮಚಕ್ರ, ಪೀಠದಲ್ಲಿ ಕುದುರೆ ಎತ್ತುಗಳು, ಅದರಡಿಯಲ್ಲಿ ಮುಂಡಕೋಪನಿಷತ್ತಿನಿಂದ ತೆಗೆದ ಸತ್ಯದ ಮಾತು. ಸರಕಾರಿ ಆಸ್ಪತ್ರೆಯ ಕಾಗದಗಳ ಮೇಲೂ ಇದನ್ನು ಕಾಣುತ್ತೇವೆ. ಬೌದ್ಧ ಧರ್ಮವನ್ನು ಅಪ್ಪಿದ ಅರಸನ ಕಂಬ, ಉಪನಿಷತ್ತಿನ ವಾಕ್ಯ, ಎಲ್ಲ ಮತದವರ ಸರಕಾರ. ಈ ಸಿಂಹಗಳನ್ನು ಕಡೆಯಿಸಿದ ಅಶೋಕನು ವೈದ್ಯದ ಬಗೆಗೆ ಏನು ಹೇಳಿದನೆಂಬುದನ್ನು ತಿಳಿಯಲು ಸಾರನಾಥಕ್ಕೆ ಹೋಗಬೇಕಾಗಿಲ್ಲ. ಗುತ್ತಿಯಿಂದ ಪತ್ತಿಕೊಂಡದ ದಾರಿ ಹಿಡಿದರೆ ಸುಮಾರು ಎಂಟು ಮೈಲಿಯಲ್ಲಿ ಎರ್ರಗುಡಿ. ಅಲ್ಲಿಯ ಗುಡ್ಡದ ಬಂಡೆಗಳ ಮೇಲೆ ಅಶೋಕನ ಹದಿನಾಲ್ಕು ದೊಡ್ಡ ಶಾಸನಗಳೂ, ಅವುಗಳೊಡನೆ ಕಿರು ಶಾಸನಗಳೂ ಒಂದೇ ಕಡೆ ಇವೆ. ಮಸ್ಕಿ, ಕೊಪ್ಪಳ, ಬ್ರಹ್ಮಗಿರಿ, ನಿಟ್ಟೂರು, ಉದೇಗೊಳಗಳಲ್ಲಿ ಸಿಕ್ಕಿರುವುದು ಕಿರು ಶಾಸನಗಳು ಮಾತ್ರ. ೧೯೨೯ರ ಸುಮಾರಿಗೆ ಅನು ಘೋಷ್ ಎಂಬ ಭೂವಿಜ್ಞಾನಿ ಇವನ್ನು ಕಂಡು ಹೊರಲೋಕಕ್ಕೆ ತಿಳಿಸಿದರು. ಪಕ್ಕದ ಜೊನ್ನಗಿರಿಯೇ ಮೌರ್ಯರ ದಕ್ಷಿಣ ಪ್ರಾಂತದ ಸುವರ್ಣಗಿರಿಯೆಂದು ಹೇಳುವ ವಿದ್ವಾಂಸರಿದ್ದಾರೆ. ಕೊಪ್ಪಳದ ಕನಕಗಿರಿಯೆನ್ನುವವರೂ ಇದ್ದಾರೆ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಜೊನ್ನಗಿರಿ, ತುಗ್ಗಲಿಗಳ ಹೊಲಗಳಲ್ಲಿ ವಜ್ರ ಹುಡುಕುತ್ತಾ ಬಾಗಿ ನಡೆಯುವ ಜನರನ್ನು ಕಂಡವರಿಗೆ ಆ ಹೆಸರು ಅತಿಶಯವೆನಿಸದು.

ಎರ್ರಗುಡಿಯ ಎರಡನೆಯ ಶಾಸನ ನಮ್ಮ ವಿಷಯಕ್ಕೆ ಸೇರಿದುದು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬ್ರಾಹ್ಮೀ ಅಕ್ಷರಗಳಲ್ಲಿ ಅಶೋಕನು ತನ್ನ ರಾಜ್ಯದಲ್ಲಿಯೂ, ರಾಜ್ಯದ ಹೊರಗಿನ ಚೋಳ ಪಾಂಡ್ಯ ಕೇರಳಪುತ್ರರ ನಾಡುಗಳಲ್ಲಿಯೂ, ತಾಮ್ರಪರ್ಣಿಯವರೆಗೂ, ಯವನ ದೊರೆ ಅಂತಿಯೋಕನ ನೆಲದಲ್ಲಿಯೂ ಎರಡು ಬಗೆಯ ಚಿಕಿತ್ಸೆಯನ್ನು ಏರ್ಪಡಿಸಿರುವುದಾಗಿ ಹೇಳುತ್ತಾನೆ: ಒಂದು ಮನುಷ್ಯರಿಗೆ, ಇನ್ನೊಂದು ಪಶುಗಳಿಗೆ. ಮದ್ದಿನ ಗಿಡಮೂಲಿಕೆಗಳು ಎಲ್ಲಿ ಇಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ್ದಾನೆ. ಬೇರು, ಹಣ್ಣುಗಳನ್ನೂ ಹಾಗೆಯೇ. ದಾರಿಗಳ ಬದಿಯಲ್ಲಿ ಬಾವಿ ತೋಡಿಸಿ ಮರಗಳನ್ನು ಬೆಳೆಸಿದ್ದಾನೆ. ಅಂತಿಯೋಕನ ಹೆಸರು ಬಂದಲ್ಲಿ ನಮಗೆ ಮತ್ತೆ ಆ ಗ್ರೀಕರ ಹಾವು ನೆನಪಾಗುತ್ತದೆ. ಅಸ್ಕ್ಲೀಪಿಯಸನ ಗುಡಿಗಳಲ್ಲಿ ರೋಗಿಗಳು ಮಲಗುತ್ತಿದ್ದ ಕಾಲವೂ ಅದೇ. ಗಡಿಯಾಚೆಯ ರೋಗಿಗೂ ಮದ್ದು ಸಲ್ಲಬೇಕೆಂದು ಬರೆಸಿದ ಈ ಬಂಡೆ ಗಡಿಯಲ್ಲಿ ಬದುಕುವ ನಮ್ಮ ಪಾಲಿಗೆ ಬಂದಿರುವುದು ಆಕಸ್ಮಿಕವಾದರೂ ಉಚಿತವಾಗಿದೆ. ಬರೆಯಿಸಿದವನ ಧರ್ಮ ಯಾವುದೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಈ ಶಾಸನದಲ್ಲಿ ಚಿಕಿತ್ಸೆ ಪಡೆಯುವವನ ಧರ್ಮದ ಮಾತಿಲ್ಲ. ಬಂಡೆಯ ಮೇಲೆ ಸಿಂಹವೂ ಇಲ್ಲ, ಚಕ್ರವೂ ಇಲ್ಲ, ಅಕ್ಷರಗಳು ಮಾತ್ರ.

ಎರ್ರಗುಡಿಯ ಕಿರು ಶಾಸನದ ಕೆಲವು ಸಾಲುಗಳನ್ನು ಲಿಪಿಕಾರನು ಎಡದಿಂದ ಬಲಕ್ಕೂ, ಮರುಸಾಲನ್ನು ಬಲದಿಂದ ಎಡಕ್ಕೂ, ಉಳುವ ಎತ್ತು ತಿರುಗುವಂತೆ ಬರೆದಿದ್ದಾನೆ. ಹದಿನಾಲ್ಕನೆಯ ಶಾಸನದಲ್ಲಿ ಅಶೋಕನೇ, ಕೆಲವೆಡೆ ಬರಹ ಅರೆಯಾಗಿ ಉಳಿದಿದ್ದರೆ ಅದಕ್ಕೆ ಬರೆದವನ ತಪ್ಪೂ ಕಾರಣವಿರಬಹುದು ಎಂದು ಮುಂಚಿತವಾಗಿಯೇ ಹೇಳಿಬಿಟ್ಟಿದ್ದಾನೆ. ಪತ್ತಿಕೊಂಡದ ಬಳಿಯ ರಾಜುಲ ಮಂದಗಿರಿಯಲ್ಲಿ ಇನ್ನೊಂದು ಕಿರು ಶಾಸನವಿದೆ. ಅದರ ಅಕ್ಷರಗಳು ಬಹುಮಟ್ಟಿಗೆ ಸವೆದಿವೆ. ನಮ್ಮ ಸಂಘದ ಕುಟುಂಬಗಳಲ್ಲಿ ಈ ವರ್ಷ ವೈದ್ಯ ಪದವಿಗೆ ಸೇರಿದ ಮಕ್ಕಳಿದ್ದಾರೆ. ಮಳೆಗಾಲ ಕಳೆದ ಮೇಲೆ, ಬಂಡೆ ಜಾರದ ದಿನಗಳಲ್ಲಿ, ಅವರನ್ನು ಕರೆದುಕೊಂಡು ಬೆಳಗಿನ ಹೊತ್ತಿಗೆ ಎರ್ರಗುಡಿಗೆ ಹೋಗುವುದು ಒಳ್ಳೆಯದು; ಬಿಸಿಲು ಓರೆಯಾಗಿ ಬೀಳುವಾಗ ಆ ಅಕ್ಷರಗಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ.